ಹೆಸರಿಲ್ಲದ ಡಬ್ಬಿಗಳು

ಹಳ್ಳ ಇಳಿದ ಮೂರನೆಯ ದಿನ
ನೆಲಮಾಳಿಗೆಯ ಕೆಸರಿನಿಂದ ಡಬ್ಬಿಗಳನ್ನು ಎತ್ತಿದೆವು,
ಮೊಟ್ಟೆ ಹೆಕ್ಕಿದ ಹಾಗೆ, ಒಂದೊಂದಾಗಿ.
ಅಂಟಿಸಿದ್ದ ಕಾಗದವೆಲ್ಲ ಕಳಚಿಹೋಗಿ
ಎಲ್ಲವೂ ಬತ್ತಲೆ, ಎಲ್ಲವೂ ಒಂದೇ ತವರ.
ಬ್ಲೀಚಿನ ನೀರಲ್ಲಿ ಅದ್ದಿ, ತಿಕ್ಕಿ,
ಬಸ್ಸಿನ ಮೆಟ್ಟಿಲ ಮೇಲೆ ಒಣಗಲಿಟ್ಟೆ.
ಕೆಂಟಕಿಯ ಈ ಕಣಿವೆಯಲ್ಲಿ ಮೂವತ್ತೊಂದು ವರ್ಷ
ನಾನು ಓಡಿಸಿದ ಶಾಲೆಯ ಹಳದಿ ಬಸ್ಸು.
ದಿಬ್ಬದ ಮೇಲೆ ನಿಂತಿತ್ತೆಂದು ಉಳಿಯಿತು.
ಈಗ ಅದೇ ಮನೆ, ಅದೇ ಅಡುಗೆಮನೆ.

ಉಬ್ಬಿದ್ದನ್ನು ಬಿಸಾಡಿ, ಸೋರಿದ್ದನ್ನು ಬಿಸಾಡಿ
ಅಂದಳು ಆರೋಗ್ಯ ಇಲಾಖೆಯ ಹುಡುಗಿ.
ಆಮೇಲೆ ದನಿ ತಗ್ಗಿಸಿ:
ಮನೆಯಲ್ಲಿ ತುಂಬಿಟ್ಟ ಗಾಜಿನ ಜಾಡಿ
ಒಂದನ್ನೂ ಇಟ್ಟುಕೊಳ್ಳಬೇಡಿ,
ಮುಚ್ಚಳದ ಸಂದಿಯಲ್ಲಿ ಹಳ್ಳ ಕೂತಿರುತ್ತೆ.

ಓಸಿ, ನನ್ನ ಅತ್ತಿಗೆ, ಏನೂ ಅನ್ನಲಿಲ್ಲ.
ಎಂಬತ್ತನಾಲ್ಕು ಜಾಡಿ.
ಬೆಳಗಿನ ತಂಪಲ್ಲಿ ಬಿಡಿಸಿ, ನಾರು ತೆಗೆದು, ಮುರಿದು,
ಬೇಸಗೆಯ ಒಲೆಯೆದುರು ಬೆವರಿ ಕುದಿಸಿದ್ದು.
ಪ್ರತಿ ಮುಚ್ಚಳದ ಮೇಲೂ ಅವಳ ದುಂಡು ಅಕ್ಷರ:
ಬೀನ್ಸ್, ಜುಲೈ. ಬೀನ್ಸ್, ಜುಲೈ. ಟೊಮೆಟೊ, ಜುಲೈ.
ಗುಂಡಿಗೆ ಒಂದೊಂದನ್ನೇ ಇಳಿಸಿದಳು,
ಎಸೆಯಲಿಲ್ಲ.
ಒಂದೂ ಒಡೆಯಲಿಲ್ಲ.

ಅಂಗಡಿಯ ಡಬ್ಬಿ ಅಂದರೆ ಮೂಗು ಮುರಿಯುವವಳು.
ಸಂಬಳದ ದಿನ ನಾನು ಚೀಲ ತುಂಬಾ ಹೊತ್ತು ತಂದರೆ
"ಬಂತು, ಸೋಮಾರಿಗಳ ಊಟ" ಅನ್ನುತ್ತಿದ್ದಳು.
ಬದುಕಿದ್ದು ಸೋಮಾರಿಗಳ ಊಟವೇ.

ಪಕ್ಕದ ಹೋಬರ್ಟ್ ಬೇಟೆಗೆ ಒಯ್ಯುವ ಗ್ಯಾಸಿನ ಒಲೆ ತಂದ.
ಅವನ ಮೊಮ್ಮಗ ಟೋಬಿನ್, ಏಳು ವರ್ಷ,
ಡಬ್ಬಿಯನ್ನು ಕಿವಿಗೆ ಹಿಡಿದು, ಕುಲುಕಿ, ಕಣಿ ಹೇಳಿದ:
ಗಲಗಲ ಅಂದರೆ ಜೋಳ,
ಬುಳಕ್ ಅಂದರೆ ಆಲೂಗಡ್ಡೆ,
ಏನೂ ಅನ್ನದೆ ಗುಮ್ಮನೆ ಕೂತರೆ ಟೊಮೆಟೊ.
ತೆರೆದರೆ, ಜೋಳವೆಂದದ್ದು ಬಟಾಣಿ.
"ಹತ್ತಿರಕ್ಕೆ ಬಂದಿದ್ದೀಯ" ಅಂದ ಹೋಬರ್ಟ್. ಪಾತ್ರೆಗೆ ಬಿತ್ತು.
ಟೊಮೆಟೊ ಟೊಮೆಟೊವೇ ಆಗಿ ಬಂದಾಗ ಹುಡುಗ ಕುಣಿದ.
ಆಮೇಲೆ ಕ್ಯಾರೆಟ್ಟು, ನಾಣ್ಯದ ಹಾಗೆ ಕೊಯ್ದದ್ದು.
ಆಮೇಲೆ ಪೀಚ್ ಹಣ್ಣು, ಸಕ್ಕರೆ ಪಾಕದಲ್ಲಿ.
ಎಲ್ಲರೂ ಪಾತ್ರೆಯನ್ನೇ ನೋಡಿದೆವು.
"ಬೇಡ" ಅಂದಳು ಓಸಿ.
ಆ ದಿನ ಅವಳಾಡಿದ ಮೊದಲ ಮಾತು.
ಟೋಬಿನ್ ಬೆರಳಲ್ಲೇ ಬಾಚಿ ತಿಂದ, ಗಲ್ಲದ ತನಕ ಪಾಕ.

ಬೀನ್ಸೂ ಸಿಕ್ಕಿತು, ಕಾರ್ಖಾನೆಯ ಬೀನ್ಸು,
ಒಂದೇ ಉದ್ದ, ಒಂದೇ ಮಂಕು ಹಸಿರು.
ಅವಳತ್ತ ನೋಡದೆ ಸುರಿದೆ.
ಡಬ್ಬಿಯ ನೀರನ್ನೂ ಚೆಲ್ಲಲಿಲ್ಲ,
ಕುಡಿಯುವ ನೀರು ಬಾಟಲಿಯಲ್ಲಿ, ಎಣಿಸಿ ಕೊಟ್ಟದ್ದು.
ಈರುಳ್ಳಿ ಇಲ್ಲ.
ಮೆಣಸಿನ ಪುಡಿ, ಬರ್ಗರ್ ಅಂಗಡಿಯ ಪುಟ್ಟ ಪೊಟ್ಟಣಗಳದ್ದು,
ಸ್ಟೀರಿಂಗಿನ ಪಕ್ಕದ ಗೂಡಲ್ಲಿ ಎಷ್ಟೋ ಕಾಲದಿಂದ ಬಿದ್ದಿದ್ದವು.

ಹೆಚ್ಚುವುದಿಲ್ಲ, ಹುರಿಯುವುದಿಲ್ಲ,
ಬಿಸಿಯಾದರೆ ಸೂಪು. ಅಷ್ಟೇ ವಿದ್ಯೆ.
ಆದರೂ ಕುದಿ ಬಂದಾಗ ಅದರ ಘಮ
ಕೆಸರನ್ನು, ಡೀಸೆಲನ್ನು, ಸತ್ತ ಮೀನನ್ನು
"ಸ್ವಲ್ಪ ಸರಿಯಿರಪ್ಪ" ಅಂದು
ಬಸ್ಸಿನ ಸೀಟಿನಲ್ಲಿ ಜಾಗ ಮಾಡಿಕೊಂಡಿತು.
ಮೇಲಿನ ದಾರಿಯಿಂದ ಜನ ಇಳಿದು ಬಂದರು,
ಬಟ್ಟಲು, ಮಗ್ಗು, ಸೋಸುವ ಜಾಲರಿ ತಂದ ಒಬ್ಬಳು ನಕ್ಕಳು,
ಒಬ್ಬನ ಕೈಯಲ್ಲಿ ಗಣಿಯ ಹೆಲ್ಮೆಟ್ಟು.

ಓಸಿ ಎರಡು ಬಟ್ಟಲು ಕುಡಿದಳು.
"ಉಪ್ಪು ಜಾಸ್ತಿ" ಅಂದಳು.
"ಬೀನ್ಸಿಗೆ ಜೀವವೇ ಇಲ್ಲ" ಅಂದಳು.
ಬಟ್ಟಲು ಮತ್ತೆ ಚಾಚಿದಳು.

ಕತ್ತಲಾಗುವ ಮುಂಚೆ ನೋಡಿದರೆ
ಮೆಟ್ಟಿಲ ಮೇಲೆ ಕೂತಿದ್ದಾಳೆ, ಉಳಿದ ಡಬ್ಬಿಗಳ ನಡುವೆ.
ಹುಡುಗ ಕುಲುಕುತ್ತಾನೆ, ಅವಳ ಕಿವಿಗೆ ಹಿಡಿಯುತ್ತಾನೆ.
ಕಣ್ಣು ಮುಚ್ಚಿ ಕೇಳುತ್ತಾಳೆ. ಇನ್ನೊಮ್ಮೆ, ಅನ್ನುತ್ತಾಳೆ.
ಕಪ್ಪು ಮಾರ್ಕರಿನಲ್ಲಿ, ತವರದ ನೆತ್ತಿಯ ಮೇಲೆ,
ಅದೇ ದುಂಡು ಅಕ್ಷರದಲ್ಲಿ ಬರೆಯುತ್ತಾಳೆ:
ಬೀನ್ಸ್ ಇರಬಹುದು, ಆಗಸ್ಟ್.